ತಂತ್ರಜ್ಞಾನದ ಮಾಹಿತಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವುದು ಹೇಗೆ?

ಒಂದು ಸಣ್ಣ ಕಾರ್ಖಾನೆ. ಅಲ್ಲಿ ಚರ್ಮ ಹದ ಮಾಡುತ್ತಾರೆ. ಮಾಲು ಚೆನ್ನಾಗಿಯೇ ಬಂದಿದೆ, ಬಣ್ಣ ಸಮನಾಗಿ ಹಿಡಿದಿದೆ, ಮುಟ್ಟಿದರೆ ಮೆದು. ಆದರೆ ಒಂದು ತಿಂಗಳು ಗೋದಾಮಿನಲ್ಲಿಟ್ಟು ತೆಗೆದು ನೋಡಿದರೆ ಮೇಲೆಲ್ಲ ಬಿಳಿ ಪುಡಿ. ಒರೆಸಿದರೆ ಹೋಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಬರುತ್ತದೆ. ಕೊಳ್ಳುವವನು ಬೂಸ್ಟು ಹಿಡಿದಿದೆ ಎಂದು ಮಾಲು ವಾಪಸ್ ಕಳಿಸುತ್ತಾನೆ. ಕಾರ್ಖಾನೆಯಲ್ಲಿ ಕೆಮಿಸ್ಟ್ ಇಲ್ಲ. ಮಾಲೀಕ ಯಾರನ್ನು ಕೇಳಬೇಕು?

ಇದು ಚರ್ಮದ ಕೆಲಸದಲ್ಲಿ ಬಹಳ ಹಳೇ ಸಮಸ್ಯೆ. ಉತ್ತರವೂ ಹಳೆಯದೇ. ಆ ಬಿಳುಪು ಕೊಬ್ಬಾಗಿರಬಹುದು, ಉಪ್ಪಾಗಿರಬಹುದು, ನಿಜವಾಗಿಯೂ ಬೂಸ್ಟೇ ಆಗಿರಬಹುದು. ಕಂಡುಹಿಡಿಯಲು ಲ್ಯಾಬ್ ಬೇಕಿಲ್ಲ. ಹದವಾಗಿ ಬಿಸಿ ತಾಗಿಸಿ ನೋಡಬೇಕು. ಬಿಳುಪು ಕರಗಿ ಮಾಯವಾದರೆ ಅದು ಕೊಬ್ಬು: ಚರ್ಮದಲ್ಲೇ ಉಳಿದಿದ್ದ ಕೊಬ್ಬೋ, ಮೆದು ಮಾಡಲು ಹಾಕಿದ ಎಣ್ಣೆಯ ಕೊಬ್ಬೋ ಚಳಿಗೆ ಹೊರಗೆ ಬಂದಿದೆ. ಬಿಸಿಗೆ ಜಗ್ಗದೆ, ಒದ್ದೆ ಬಟ್ಟೆಗೆ ಹೋದರೆ ಉಪ್ಪು: ತೊಳೆದದ್ದು ಸಾಲದು. ಮುಗ್ಗಲು ವಾಸನೆ ಇದ್ದರೆ ಬೂಸ್ಟು. ಒಂದೊಂದಕ್ಕೂ ಮದ್ದು ಬೇರೆ ಬೇರೆ.

ಇಷ್ಟೇ ವಿಷಯ. ಆದರೆ ಈ ನಾಲ್ಕು ಮಾತು ಆ ಮಾಲೀಕನ ಕಿವಿಗೆ ಬೀಳುವಷ್ಟರಲ್ಲಿ ಒಂದು ಸಾಲದ ಕಂತು ತಪ್ಪಿರುತ್ತದೆ. "ಅಭಿವೃದ್ಧಿಶೀಲ ದೇಶಗಳ ಉದ್ಯಮಕ್ಕೆ ತಂತ್ರಜ್ಞಾನದ ಮಾಹಿತಿ ಹಂಚಬೇಕು" ಎಂದು ವಿಶ್ವಸಂಸ್ಥೆಯ ಸಭೆಗಳಲ್ಲಿ ಐವತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಕೇಳಲು ಒಣ ಮಾತು. ಅದರ ಒಳಗಿರುವುದು ಮಾತ್ರ ಈ ಬಿಳಿ ಪುಡಿಯಂಥ ಲಕ್ಷಾಂತರ ಪ್ರಶ್ನೆಗಳು.

ಬಚ್ಚಿಡುವ ಕಾಲ

ತಂತ್ರ ಹಂಚಿಕೊಳ್ಳಬೇಕು ಎನ್ನುವುದು ಹೊಸ ಯೋಚನೆ. ಬಚ್ಚಿಡಬೇಕು ಎನ್ನುವುದೇ ಹಳೆಯದು. ಹದಿನೆಂಟನೇ ಶತಮಾನದ ಬ್ರಿಟನ್‌ನಲ್ಲಿ ನುರಿತ ಕುಶಲಕರ್ಮಿಗಳು ದೇಶ ಬಿಟ್ಟು ಹೋಗುವಂತಿರಲಿಲ್ಲ. ನೂಲುವ ಯಂತ್ರಗಳನ್ನು ಹೊರಗೆ ಸಾಗಿಸುವಂತೆಯೂ ಇರಲಿಲ್ಲ. ಕುಶಲಕರ್ಮಿಗಳ ಮೇಲಿನ ನಿರ್ಬಂಧ ಹೋದದ್ದು 1824ರಲ್ಲಿ. ಯಂತ್ರಗಳ ಮೇಲಿನದು ಹೋಗಲು 1843ರ ತನಕ ಕಾಯಬೇಕಾಯಿತು.

1789ರಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ ಎಂಬ ಯುವಕ ಹಡಗು ಹತ್ತಿ ಅಮೆರಿಕಕ್ಕೆ ಹೋದ. ಕೈಯಲ್ಲಿ ಒಂದು ನಕ್ಷೆಯೂ ಇರಲಿಲ್ಲ. ಬೇಕಿರಲಿಲ್ಲ. ಚಿಕ್ಕ ವಯಸ್ಸಿನಿಂದಲೇ ಇಂಗ್ಲೆಂಡಿನ ನೂಲಿನ ಗಿರಣಿಯಲ್ಲಿ ಕೆಲಸ ಕಲಿತಿದ್ದ. ಯಂತ್ರ ಪೂರ್ತಿ ಅವನ ತಲೆಯಲ್ಲಿತ್ತು. ಮರುವರ್ಷ ರೋಡ್ ಐಲೆಂಡ್‌ನ ಪಾಟಕೆಟ್‌ನಲ್ಲಿ ನೀರಿನ ಬಲದಿಂದ ನೂಲುವ ಯಂತ್ರ ತಿರುಗತೊಡಗಿತು. ಅಮೆರಿಕದವರು ಅವನನ್ನು ಕೈಗಾರಿಕೆಯ ಪಿತಾಮಹ ಎಂದರು. ಹುಟ್ಟೂರಿನವರು ದ್ರೋಹಿ ಎಂದರು. ಇವತ್ತು ಹಕ್ಕುಸ್ವಾಮ್ಯದ ವಿಷಯದಲ್ಲಿ ಜಗತ್ತಿಗೆಲ್ಲ ಬುದ್ಧಿ ಹೇಳುವ ದೇಶ ಶುರು ಮಾಡಿದ್ದು ಹೀಗೆ ಎನ್ನುವುದು ತಮಾಷೆಯೇ, ಅಲ್ವಾ?

ಇಲ್ಲಿ ಗಮನಿಸಬೇಕಾದದ್ದು ಕಳ್ಳತನವನ್ನಲ್ಲ. ಅಷ್ಟೆಲ್ಲ ಕಾವಲಿದ್ದರೂ ತಂತ್ರ ದಾಟಿತು, ದಾಟಿದ್ದು ಮನುಷ್ಯನ ಜೊತೆಗೆ.

ಪೇಟೆಂಟ್ ಎಂಬ ತೆರೆದ ಪುಸ್ತಕ

ಪೇಟೆಂಟ್ ಎಂದ ಕೂಡಲೇ ಬೀಗ ನೆನಪಾಗುತ್ತದೆ. ಅರ್ಧ ಸರಿ. ಇನ್ನರ್ಧವನ್ನು ಹೆಚ್ಚಿನವರು ಮರೆಯುತ್ತಾರೆ. ಪೇಟೆಂಟ್ ಒಂದು ಕೊಡುಕೊಳ್ಳುವ ವ್ಯವಹಾರ. ನೀನು ಕಂಡುಹಿಡಿದದ್ದನ್ನು ಎಲ್ಲರಿಗೂ ಬಿಡಿಸಿ ಹೇಳು, ಅದಕ್ಕೆ ಬದಲಾಗಿ ಒಂದಷ್ಟು ವರ್ಷ ಬೇರೆ ಯಾರೂ ಅದನ್ನು ಮಾಡದಂತೆ ನಾವು ನೋಡಿಕೊಳ್ಳುತ್ತೇವೆ ಎಂದು ಸರ್ಕಾರ ಹೇಳುತ್ತದೆ. ಅರ್ಜಿ ಹಾಕಿದ ಸುಮಾರು 18 ತಿಂಗಳಿಗೆ ಅದು ಸಾರ್ವಜನಿಕವಾಗಿ ಪ್ರಕಟವಾಗುತ್ತದೆ. ಹಕ್ಕು ಉಳಿಯುವುದು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಆಮೇಲೆ ಅದು ಎಲ್ಲರದ್ದು.

ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಪೇಟೆಂಟ್ ಆಯಾ ದೇಶಕ್ಕೆ ಮಾತ್ರ ಸೇರಿದ್ದು. ಜರ್ಮನಿಯಲ್ಲೂ ಜಪಾನಿನಲ್ಲೂ ಪೇಟೆಂಟ್ ಪಡೆದ ಕಂಪನಿ ಮಲಾವಿಯಲ್ಲಿ ಅರ್ಜಿ ಹಾಕಿಲ್ಲ ಎಂದಿಟ್ಟುಕೊಳ್ಳಿ. ಮಲಾವಿಯ ಕಾರ್ಖಾನೆಯೊಂದು ಆ ವಿಧಾನವನ್ನು ತನ್ನ ದೇಶದಲ್ಲಿ ಬಳಸಿ, ಅಲ್ಲೇ ಮಾರಬಹುದು. ಯಾರ ಅನುಮತಿಯೂ ಬೇಡ. ಜರ್ಮನಿಗೆ ರಫ್ತು ಮಾಡಹೊರಟರೆ ಮಾತ್ರ ತೊಂದರೆ. ಸಣ್ಣ, ಬಡ ದೇಶಗಳಲ್ಲಿ ಎಷ್ಟೋ ಕಂಪನಿಗಳು ಅರ್ಜಿಯನ್ನೇ ಹಾಕುವುದಿಲ್ಲ, ಅದರ ಖರ್ಚು ಹುಟ್ಟುವುದಿಲ್ಲ ಎಂದು. ಹಾಗಾಗಿ ಆ ದೇಶಗಳ ಮಟ್ಟಿಗೆ ಪೇಟೆಂಟ್ ದಾಖಲೆಗಳು ಬೀಗಕ್ಕಿಂತ ಹೆಚ್ಚಾಗಿ ತೆರೆದ ಪುಸ್ತಕವೇ.

ಈ ಪುಸ್ತಕ ಓದಲು ಈಗ ದುಡ್ಡು ಕೊಡಬೇಕಿಲ್ಲ. ಯುರೋಪಿನ ಪೇಟೆಂಟ್ ಕಚೇರಿ 1998ರಲ್ಲೇ ಎಸ್ಪಾಸ್‌ನೆಟ್ ಎಂಬ ಉಚಿತ ಹುಡುಕಾಟದ ಸೇವೆ ಶುರು ಮಾಡಿತು. ಜಿನೀವಾದಲ್ಲಿರುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೋ, ಪೇಟೆಂಟ್‌ಸ್ಕೋಪ್ ನಡೆಸುತ್ತದೆ. ಅದರಲ್ಲಿ 10 ಕೋಟಿಗೂ ಹೆಚ್ಚು ದಾಖಲೆಗಳಿವೆ. ಅವಧಿ ಮುಗಿದ ಪೇಟೆಂಟ್ ಏನು ಮಾಡಬಲ್ಲದು ಎನ್ನುವುದಕ್ಕೆ ಮೂರು ಆಯಾಮದ ಪ್ರಿಂಟರ್ ನೋಡಿ. ಪ್ಲಾಸ್ಟಿಕ್ ಎಳೆ ಕರಗಿಸಿ ಪದರ ಪದರವಾಗಿ ಇಡುವ ವಿಧಾನದ ಮೂಲ ಪೇಟೆಂಟ್ 2009ರಲ್ಲಿ ಮುಗಿಯಿತು. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದಲ್ಲಿ 2005ರಲ್ಲೇ ರೆಪ್‌ರ‍್ಯಾಪ್ ಎಂಬ ಯೋಜನೆ ಶುರುವಾಗಿತ್ತು. ಅದು ಯಂತ್ರದ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಕಂಪನಿಗಳಷ್ಟೇ ಕೊಳ್ಳಬಲ್ಲ ಯಂತ್ರ ಕೆಲವೇ ವರ್ಷಗಳಲ್ಲಿ ಮನೆಯ ಮೇಜಿನ ಮೇಲೆ ಬಂದು ಕೂತಿತು.

ಹಾಗಾದರೆ ಸಮಸ್ಯೆ ಮುಗಿಯಿತಲ್ಲ? ಇಲ್ಲ. ಪೇಟೆಂಟ್ ಬರೆಯುವುದು ವಕೀಲರು. ಎಷ್ಟು ಹೇಳಲೇಬೇಕೋ ಅಷ್ಟು ಹೇಳುತ್ತಾರೆ. ಉಷ್ಣತೆ 60ರಿಂದ 180 ಡಿಗ್ರಿಯ ನಡುವೆ ಎಂದು ಬರೆದಿರುತ್ತದೆ. ನಿಮ್ಮ ಯಂತ್ರಕ್ಕೆ, ನಿಮ್ಮ ಊರಿನ ತೇವಕ್ಕೆ, ನಿಮಗೆ ಸಿಗುವ ಕಚ್ಚಾ ಮಾಲಿಗೆ 94 ಡಿಗ್ರಿ ಸರಿಯೋ 110 ಸರಿಯೋ ಎಂದು ಬರೆದಿರುವುದಿಲ್ಲ. ಅದನ್ನು ಬಲ್ಲವನು ಪಾಳಿ ಮುಗಿಸಿ ಮನೆಗೆ ಹೋಗಿದ್ದಾನೆ.

ಬೆಲೆಯೂ ಒಂದು ಮಾಹಿತಿ

1975ರಲ್ಲಿ ಪೆರುವಿನ ಲಿಮಾ ನಗರದಲ್ಲಿ ಯುನಿಡೋ, ಅಂದರೆ ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆ, ದೊಡ್ಡ ಸಮ್ಮೇಳನ ನಡೆಸಿತು. ಜಗತ್ತಿನ ಕೈಗಾರಿಕಾ ಉತ್ಪಾದನೆಯಲ್ಲಿ ಅಭಿವೃದ್ಧಿಶೀಲ ದೇಶಗಳ ಪಾಲು ಆಗ ಸುಮಾರು 7 ಶೇಕಡಾ. 2000ನೇ ಇಸವಿಯ ಹೊತ್ತಿಗೆ ಅದನ್ನು 25 ಶೇಕಡಾಕ್ಕೆ ಏರಿಸಬೇಕು ಎಂದು ಅಲ್ಲಿ ಘೋಷಿಸಿದರು. ಅದಕ್ಕೆ ತಂತ್ರಜ್ಞಾನ ಬೇಕು. ತಂತ್ರಜ್ಞಾನ ಆರಿಸಲು ಮಾಹಿತಿ ಬೇಕು. ವಿಯೆನ್ನಾದ ತನ್ನ ಕೇಂದ್ರದಲ್ಲಿ ಯುನಿಡೋ ಆ ದಶಕದ ಕೊನೆಗೆ ಕೈಗಾರಿಕೆ ಮತ್ತು ತಂತ್ರಜ್ಞಾನದ ಮಾಹಿತಿ ಬ್ಯಾಂಕ್ ಕಟ್ಟಿತು. ಇಂಟಿಬ್ ಎಂದು ಅದರ ಚಿಕ್ಕ ಹೆಸರು.

ನನಗೆ ಅದಕ್ಕಿಂತ ಚುರುಕೆನಿಸುವುದು ಅದೇ ಕಾಲದ, ಅಷ್ಟಾಗಿ ಹೆಸರು ಮಾಡದ ಇನ್ನೊಂದು ಕೆಲಸ. ಅದರ ಹಿನ್ನೆಲೆ ಹೀಗೆ. ಬಡ ದೇಶದ ಕಂಪನಿ ಹೊರಗಿನಿಂದ ತಂತ್ರ ಕೊಳ್ಳುವಾಗ ಅದಕ್ಕೆ ನಿಜವಾದ ಬೆಲೆ ಎಷ್ಟೆಂದು ಗೊತ್ತಿರುತ್ತಿರಲಿಲ್ಲ. ಮಾರುವವನಿಗೆ ಎಲ್ಲ ಗೊತ್ತು, ಕೊಳ್ಳುವವನಿಗೆ ಏನೂ ಗೊತ್ತಿಲ್ಲ. ರಾಯಲ್ಟಿ ಕಡಿಮೆ ಹಾಕಿದಂತೆ ಕಾಣುತ್ತದೆ. ಒಪ್ಪಂದದ ಒಳಗೆ ಇಣುಕಿದರೆ, ಕಚ್ಚಾ ಮಾಲನ್ನು ನಮ್ಮಿಂದಲೇ ಕೊಳ್ಳಬೇಕು, ಬಿಡಿ ಭಾಗ ನಮ್ಮಿಂದಲೇ, ಬೇರೆ ದೇಶಕ್ಕೆ ರಫ್ತು ಮಾಡಬಾರದು, ನೀವೇನಾದರೂ ಸುಧಾರಣೆ ಕಂಡುಹಿಡಿದರೆ ಅದೂ ನಮಗೇ ಸೇರಬೇಕು ಎಂದೆಲ್ಲ ಇರುತ್ತದೆ. ಕೊಲಂಬಿಯಾದಲ್ಲಿ ಕಾನ್‌ಸ್ಟಾಂಟಿನ್ ವೈಟ್ಸೋಸ್ ಎಂಬ ಅರ್ಥಶಾಸ್ತ್ರಜ್ಞ ಔಷಧ ಕಾರ್ಖಾನೆಗಳ ಆಮದಿನ ಲೆಕ್ಕ ತೆಗೆದರು. ವಿದೇಶಿ ಮಾತೃ ಕಂಪನಿಗಳು ತಮ್ಮದೇ ಶಾಖೆಗಳಿಗೆ ಕಚ್ಚಾ ಮಾಲನ್ನು ಜಾಗತಿಕ ಬೆಲೆಗಿಂತ ಸರಾಸರಿ 155 ಶೇಕಡಾ ಜಾಸ್ತಿಗೆ ಮಾರುತ್ತಿದ್ದವು. ಲಾಭ ಸದ್ದಿಲ್ಲದೆ ಹೊರಗೆ ಹೋಗುತ್ತಿತ್ತು.

ಹಾಗಾಗಿ ಯುನಿಡೋ ಒಂದು ವಿನಿಮಯ ವ್ಯವಸ್ಥೆ ಮಾಡಿತು. ತಂತ್ರಜ್ಞಾನದ ಒಪ್ಪಂದಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿಗಳು ತಮ್ಮ ತಮ್ಮಲ್ಲಿ ಷರತ್ತುಗಳನ್ನು ಹಂಚಿಕೊಳ್ಳಬಹುದಿತ್ತು. ಒಂದು ದೇಶಕ್ಕೆ 5 ಶೇಕಡಾ ರಾಯಲ್ಟಿ ಹೇಳಿದವನು ಪಕ್ಕದ ದೇಶಕ್ಕೆ 2ಕ್ಕೆ ಕೊಟ್ಟಿದ್ದಾನೆ ಎಂದು ತಿಳಿದರೆ ಮಾತುಕತೆಯ ಕೋಣೆಯ ಗಾಳಿಯೇ ಬದಲಾಗುತ್ತದೆ. (ಈ ಅಂಕಿ ಸುಮ್ನೆ ಉದಾಹರಣೆಗೆ.) ಯಂತ್ರದ ನಕ್ಷೆಯಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಬೆಲೆಬಾಳುವ ಮಾಹಿತಿ ಇದು. ಇಂಥದ್ದನ್ನು ಹಂಚಿಕೊಳ್ಳಲು ಯಾವ ಲ್ಯಾಬೂ ಬೇಡ, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬೇಕು.

ಬರೆದಿಡಲು ಬಾರದ ಭಾಗ

1979ರಲ್ಲಿ ಬಾಂಗ್ಲಾದೇಶದಿಂದ ಸುಮಾರು 130 ಜನ ಡೇವೂ ಕಂಪನಿಯ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ದಕ್ಷಿಣ ಕೊರಿಯಾದ ಬೂಸಾನ್‌ಗೆ ಹೋದರು. ದೇಶ್ ಗಾರ್ಮೆಂಟ್ಸ್ ಎಂಬ ಹೊಸ ಕಂಪನಿಯ ನೌಕರರು. ಸರ್ಕಾರಿ ಅಧಿಕಾರಿಯಾಗಿದ್ದ ನೂರುಲ್ ಖಾದರ್ ಅದನ್ನು ಕಟ್ಟಿದ್ದರು. ಕೊರಿಯಾದ ಡೇವೂ ಕಂಪನಿಗೆ ಇದರಲ್ಲಿ ಯಾಕೆ ಆಸಕ್ತಿ? ಕೊರಿಯಾದ ಬಟ್ಟೆಗೆ ಶ್ರೀಮಂತ ದೇಶಗಳು ಇಷ್ಟೇ ಬರಬೇಕೆಂದು ಕೋಟಾ ಹಾಕಿದ್ದವು. ಬಾಂಗ್ಲಾದೇಶಕ್ಕೆ ಕೋಟಾದ ತೊಡಕಿರಲಿಲ್ಲ. ದಾನಬುದ್ಧಿಯಿಂದ ಬಂದದ್ದಲ್ಲ, ಲೆಕ್ಕಾಚಾರದಿಂದ ಬಂದದ್ದು. ಅದಕ್ಕೇ ಕೆಲಸ ಚೆನ್ನಾಗಿ ನಡೆಯಿತು ಎಂದು ನನಗನಿಸುತ್ತದೆ.

ಆರು ತಿಂಗಳು ಅವರು ನಡೆಯುತ್ತಿರುವ ಕಾರ್ಖಾನೆಯಲ್ಲೇ ಕಲಿತರು. ಹೊಲಿಗೆ ಯಂತ್ರ ಕೊಂಡರೆ ಸಿಗುತ್ತದೆ, ಅದರ ಜೊತೆ ಕೈಪಿಡಿಯೂ ಬರುತ್ತದೆ. ಆದರೆ ಒಂದು ಶರಟನ್ನು ಎಷ್ಟು ತುಂಡು ಕೆಲಸವಾಗಿ ಒಡೆಯಬೇಕು, ಕಾಲರ್ ಹೊಲಿಯುವವಳ ಮುಂದೆ ಮಾಲು ರಾಶಿ ಬಿದ್ದಾಗ ಸಾಲಿನಲ್ಲಿ ಯಾರನ್ನು ಎಲ್ಲಿಗೆ ಕೂರಿಸಬೇಕು, ಕೊಳ್ಳುವವರ ಪ್ರತಿನಿಧಿ ಬಂದು ಒಂದು ಪೆಟ್ಟಿಗೆ ತೆಗೆದಾಗ ಏನನ್ನು ನೋಡುತ್ತಾನೆ, ಹಡಗು ತಪ್ಪದಂತೆ ದಿನ ಎಣಿಸುವುದು ಹೇಗೆ? ಇವು ಕೈಪಿಡಿಯಲ್ಲಿ ಇರುವುದಿಲ್ಲ. ನೀರಿಗೆ ಇಳಿಯದೆ ಈಜು ಬಾರದು.

ವಾಪಸ್ ಬಂದ ಮೇಲೆ, 1980ರಲ್ಲಿ ದೇಶ್ ಕಂಪನಿ 43,000 ಶರಟು ಹೊಲಿಯಿತು. 1981ರಲ್ಲಿ ಡೇವೂ ಜೊತೆಗಿನ ಒಪ್ಪಂದ ಬಿಟ್ಟಿತು. 1987ರ ಹೊತ್ತಿಗೆ ವರ್ಷಕ್ಕೆ 23 ಲಕ್ಷ ಶರಟು. ಕಥೆಯ ಮುಖ್ಯ ಭಾಗ ಇದಲ್ಲ. ಬೂಸಾನ್‌ಗೆ ಹೋಗಿಬಂದ ಸುಮಾರು 130 ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ಆ ಹೊತ್ತಿಗೆ ದೇಶ್ ಬಿಟ್ಟಿದ್ದರು. ಸ್ವಂತ ಕಾರ್ಖಾನೆ ತೆರೆದರು, ಇಲ್ಲವೇ ಹೊಸ ಕಾರ್ಖಾನೆಗಳಿಗೆ ಸೇರಿದರು. ಕಂಪನಿಯ ಪಾಲಿಗೆ ನಷ್ಟ. ದೇಶದ ಪಾಲಿಗೆ ಒಂದು ಉದ್ಯಮ. ಇವತ್ತು ಬಾಂಗ್ಲಾದೇಶದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಸುಮಾರು 40 ಲಕ್ಷ ಜನ ಕೆಲಸ ಮಾಡುತ್ತಾರೆ.

ಅವರು ತಂದದ್ದರಲ್ಲಿ ಹೊಲಿಗೆಯ ಜೊತೆಗೆ ಕಾಗದದ ತಂತ್ರವೂ ಇತ್ತು. ರಫ್ತಿನ ಆರ್ಡರನ್ನೇ ಆಧಾರವಾಗಿ ತೋರಿಸಿ, ಬಟ್ಟೆ ಕೊಳ್ಳಲು ಬ್ಯಾಂಕಿನಲ್ಲಿ ಸಾಲಪತ್ರ (ಲೆಟರ್ ಆಫ್ ಕ್ರೆಡಿಟ್, ಅಂದರೆ ಹಣಕ್ಕೆ ಬ್ಯಾಂಕ್ ಕೊಡುವ ಭರವಸೆ) ತೆರೆಯುವ ಏರ್ಪಾಡು. ಕೈಯಲ್ಲಿ ಕಾಸಿಲ್ಲದವನೂ ಇದರಿಂದ ಕಾರ್ಖಾನೆ ನಡೆಸಬಹುದು. ಸುಂಕ ಕಟ್ಟದೆ ಆಮದು ಬಟ್ಟೆ ಇಟ್ಟುಕೊಳ್ಳುವ ಗೋದಾಮಿನ ವ್ಯವಸ್ಥೆಯೂ ಹೀಗೇ ಬಂತು. ಇದನ್ನು ತಂತ್ರಜ್ಞಾನ ಎಂದು ಯಾರೂ ಕರೆಯುವುದಿಲ್ಲ. ಇದಿಲ್ಲದಿದ್ದರೆ ಹೊಲಿಗೆ ಯಂತ್ರಗಳು ಧೂಳು ತಿನ್ನುತ್ತಿದ್ದವು.

ಔಷಧದ ಲೋಕದಲ್ಲಿ ಇದೇ ಮಾತು ಇನ್ನೂ ಸ್ಪಷ್ಟ. 1996–97ರಲ್ಲಿ ಆಫ್ರಿಕಾದಲ್ಲಿ ಮೆದುಳಿನ ಪೊರೆಯ ಜ್ವರ, ಅಂದರೆ ಮೆನಿಂಜೈಟಿಸ್, ಎರಡೂವರೆ ಲಕ್ಷ ಜನರಿಗೆ ತಗುಲಿ 25,000 ಜನರನ್ನು ಕೊಂದಿತು. ಅಲ್ಲಿನ ಆರೋಗ್ಯ ಅಧಿಕಾರಿಗಳು ಒಂದೇ ಮಾತು ಹೇಳಿದರು: ಲಸಿಕೆ 50 ಅಮೆರಿಕನ್ ಸೆಂಟ್‌ಗಿಂತ ಕಡಿಮೆಗೆ ಬೇಕು, ಅದಕ್ಕಿಂತ ದುಬಾರಿಯಾದರೆ ನಮ್ಮಿಂದ ಕೊಳ್ಳಲಾಗದು. ದೊಡ್ಡ ಕಂಪನಿಗಳಿಗೆ ಈ ಲೆಕ್ಕ ಹೊಂದಲಿಲ್ಲ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಪಾತ್ ಎಂಬ ಸಂಸ್ಥೆ ಸೇರಿ ಬೇರೆ ದಾರಿ ಹಿಡಿದವು. ಲಸಿಕೆಯ ಎರಡು ಭಾಗಗಳನ್ನು ಬೆಸೆಯುವ ಒಂದು ವಿಧಾನ ಅಮೆರಿಕದ ಸರ್ಕಾರಿ ಪ್ರಯೋಗಾಲಯದಲ್ಲಿ ಸಿದ್ಧವಾಗಿತ್ತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ವಿಜ್ಞಾನಿಗಳು ಅಲ್ಲಿಗೇ ಹೋಗಿ, ಪಕ್ಕದಲ್ಲಿ ನಿಂತು ಕಲಿತು ಬಂದರು. 2010ರ ಡಿಸೆಂಬರ್‌ನಲ್ಲಿ ಬುರ್ಕಿನಾ ಫಾಸೊದಲ್ಲಿ ಲಸಿಕೆ ಹಾಕಲು ಶುರು ಮಾಡಿದಾಗ ಬೆಲೆ ಕೇಳಿದ ಮಿತಿಯೊಳಗೇ ಇತ್ತು. ಅಲ್ಲಿಂದ ಮುಂದೆ 30 ಕೋಟಿಗೂ ಹೆಚ್ಚು ಜನ ಅದನ್ನು ಪಡೆದರು.

ಇದರ ಎದುರಿಗೆ ಕೇಪ್‌ಟೌನ್‌ನ ಕಥೆ ಇಟ್ಟು ನೋಡಿ. 2020ರ ಅಕ್ಟೋಬರ್‌ನಲ್ಲಿ ಮಾಡರ್ನಾ ಕಂಪನಿ, ಸಾಂಕ್ರಾಮಿಕ ಇರುವಷ್ಟು ದಿನ ನಮ್ಮ ಕೋವಿಡ್ ಪೇಟೆಂಟ್‌ಗಳಿಗಾಗಿ ಯಾರ ಮೇಲೂ ಕೇಸು ಹಾಕುವುದಿಲ್ಲ ಎಂದಿತು. ಬೀಗ ತೆಗೆದ ಹಾಗಾಯಿತು. 2021ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದಕ್ಷಿಣ ಆಫ್ರಿಕಾದಲ್ಲಿ, ಮಾಡರ್ನಾದ್ದೇ ಬಗೆಯ ಎಂಆರ್‌ಎನ್‌ಎ ಲಸಿಕೆಯ ಕಲಿಕಾ ಕೇಂದ್ರವನ್ನು ಘೋಷಿಸಿತು. ಆದರೆ ತಯಾರಿಸುವ ಬಗೆಯನ್ನು ಕಂಪನಿಗಳು ಹೇಳಿಕೊಡಲಿಲ್ಲ. ಕೇಪ್‌ಟೌನ್‌ನ ಅಫ್ರಿಜೆನ್ ಎಂಬ ಸಣ್ಣ ಕಂಪನಿಯ ವಿಜ್ಞಾನಿಗಳು ಸಾರ್ವಜನಿಕವಾಗಿ ಸಿಕ್ಕ ಮಾಹಿತಿಯನ್ನೇ ಹೆಕ್ಕಿ, ಆ ದೇಶದ ವಿಶ್ವವಿದ್ಯಾಲಯದವರ ನೆರವು ಪಡೆದು, 2022ರ ಆರಂಭದ ಹೊತ್ತಿಗೆ ಪ್ರಯೋಗಾಲಯದ ಅಳತೆಯಲ್ಲಿ ಲಸಿಕೆ ಮಾಡಿ ತೋರಿಸಿದರು. ದೊಡ್ಡ ಸಾಧನೆಯೇ. ಬರೀ ಕಾಗದದಿಂದಲೂ ದಾರಿ ಕಂಡುಕೊಳ್ಳಬಹುದು ಎಂದಾಯಿತು. ಆದರೆ ಹಾಗೆ ಮಾಡಲು ಮೊದಲೇ ಪಳಗಿದ ಕೈಗಳಿರಬೇಕು. ಅಷ್ಟಿದ್ದರೂ ಪ್ರಯೋಗಾಲಯದ ಕೆಲವು ಹನಿಗಳಿಂದ ಲಕ್ಷಾಂತರ ಸೀಸೆಗಳಿಗೆ ಹೋಗುವುದು ಇನ್ನೊಂದೇ ಪ್ರಯಾಣ. ಹೇಳಿಕೊಡುವವರು ಇದ್ದಿದ್ದರೆ ಉಳಿಯುತ್ತಿದ್ದುದು ದುಡ್ಡಿಗಿಂತ ಹೆಚ್ಚಾಗಿ ಸಮಯ, ಅದೂ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತಿದ್ದ ಕಾಲದಲ್ಲಿ.

ಮಾಡಿ ತೋರಿಸುವುದು, ಮತ್ತು ಮರೆತು ಬಿಟ್ಟದ್ದು

ಚಿಲಿ ದೇಶ ಇನ್ನೊಂದು ದಾರಿ ತೋರಿಸಿತು. 1976ರಲ್ಲಿ ಅಲ್ಲಿನ ಸರ್ಕಾರ ಮತ್ತು ಅಮೆರಿಕದ ಐಟಿಟಿ ಕಂಪನಿ ಸೇರಿ ಫುಂಡಸಿಯೋನ್ ಚಿಲೆ ಎಂಬ ಸಂಸ್ಥೆ ಕಟ್ಟಿದವು. ಹೊರಗಿನ ತಂತ್ರ ತಂದು ದೇಶದ ಉದ್ಯಮಕ್ಕೆ ಹಬ್ಬಿಸುವುದು ಅದರ ಕೆಲಸ. ಅವರು ವರದಿ ಬರೆದು ಹಂಚಲಿಲ್ಲ. ತಾವೇ ಕಂಪನಿ ತೆರೆದರು. ಸಾಲ್ಮನ್ ಮೀನು ಚಿಲಿಯ ನೀರಿನದಲ್ಲ. ಅದನ್ನು ತಂದು ಬೆಳೆಸುವ ಪ್ರಯತ್ನಕ್ಕೆ ಜಪಾನಿನ ತಜ್ಞರು ಮೊದಲೇ ಕೈ ಹಾಕಿದ್ದರು. 1980ರ ದಶಕದಲ್ಲಿ ಫುಂಡಸಿಯೋನ್ ಚಿಲೆ ಸಾಲ್ಮನ್ ಸಾಕುವ ಕಂಪನಿಯನ್ನು ನಡೆಸಿ, ಇದರಲ್ಲಿ ಲಾಭವಿದೆ ಎಂದು ಎಲ್ಲರ ಕಣ್ಣಮುಂದೆ ತೋರಿಸಿತು. ಆಮೇಲೆ ಕಂಪನಿಯನ್ನು ಮಾರಿ ಬೇರೆ ಕೆಲಸಕ್ಕೆ ಹೊರಟಿತು. ಇಂದು ನಾರ್ವೆ ಬಿಟ್ಟರೆ ಅತಿ ಹೆಚ್ಚು ಸಾಲ್ಮನ್ ಸಾಕುವ ದೇಶ ಚಿಲಿ.

ಇಲ್ಲಿಗೆ ನಿಲ್ಲಿಸಿದರೆ ಚಂದದ ಕಥೆ. ಆದರೆ 2007ರಲ್ಲಿ ಐಎಸ್‌ಎ ಎಂಬ ವೈರಸ್ ಬಂತು. ಪಂಜರಗಳು ಒಂದಕ್ಕೊಂದು ಅಂಟಿಕೊಂಡಂತೆ ಇದ್ದವು, ಮೀನು ಕಿಕ್ಕಿರಿದಿತ್ತು. ರೋಗ ಹಬ್ಬಿತು. ಅಟ್ಲಾಂಟಿಕ್ ಸಾಲ್ಮನ್ ಉತ್ಪಾದನೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ನಾರ್ವೆ ಇದೇ ರೋಗವನ್ನು ಮೊದಲೇ ಕಂಡಿತ್ತು. ಪಂಜರಗಳ ನಡುವೆ ಎಷ್ಟು ಅಂತರ ಬೇಕು, ಕೊಲ್ಲಿಯನ್ನು ಯಾವಾಗ ಖಾಲಿ ಬಿಡಬೇಕು ಎಂದು ಪೆಟ್ಟು ತಿಂದು ಕಲಿತಿತ್ತು. ಮೀನು ಬೆಳೆಸುವ ತಂತ್ರ ಕಡಲು ದಾಟಿ ಬಂತು, ಈ ಪಾಠ ಅದರಷ್ಟು ಬೇಗ ಬರಲಿಲ್ಲ. ಯಾಕೆಂದರೆ ತಂತ್ರದಿಂದ ಲಾಭ, ನಿಯಮದಿಂದ ಖರ್ಚು. ಖರ್ಚಿನ ಮಾಹಿತಿಯನ್ನು ಹೊತ್ತು ತರಲು ಯಾರೂ ಮುಂದೆ ಬರುವುದಿಲ್ಲ.

ಅಂಥ ಮಾಹಿತಿಯನ್ನು ಹೊತ್ತು ತರಲು ಜಗತ್ತು ನಿಜವಾಗಿಯೂ ದುಡ್ಡು ಹಾಕಿದ ಒಂದು ಉದಾಹರಣೆ ಇದೆ. 1987ರ ಮಾಂಟ್ರಿಯಲ್ ಒಪ್ಪಂದ, ಓಜೋನ್ ಪದರ ಉಳಿಸಲು. ಫ್ರಿಜ್, ಏಸಿ, ಫೋಮ್ ಮಾಡುವ ಕಾರ್ಖಾನೆಗಳು ಆ ಪದರವನ್ನು ತಿನ್ನುವ ಸಿಎಫ್‌ಸಿ ಅನಿಲ ಬಳಸುವುದನ್ನು ನಿಲ್ಲಿಸಬೇಕಿತ್ತು. 1991ರಿಂದ ಒಂದು ನಿಧಿ ಕೆಲಸ ಶುರು ಮಾಡಿತು. ಬದಲಾವಣೆಗೆ ತಗುಲುವ ಹೆಚ್ಚುವರಿ ಖರ್ಚನ್ನು ಅದು ಭರಿಸಿತು. ಜೊತೆಗೆ ಸುಮಾರು 140 ದೇಶಗಳಲ್ಲಿ ಒಂದೊಂದು ಓಜೋನ್ ಘಟಕ, ಅಲ್ಲೊಬ್ಬ ಅಧಿಕಾರಿ, ಆ ಅಧಿಕಾರಿಗಳು ಆಗಾಗ ಸೇರಿ ಮಾತಾಡುವ ಪ್ರಾದೇಶಿಕ ಸಭೆಗಳು. ರಿಪೇರಿ ಮಾಡುವ ಮೆಕ್ಯಾನಿಕ್‌ಗಳ ತನಕ ತರಬೇತಿ ಹೋಯಿತು. ಅಭಿವೃದ್ಧಿಶೀಲ ದೇಶಗಳು 2010ಕ್ಕೆ ಸಿಎಫ್‌ಸಿ ನಿಲ್ಲಿಸಬೇಕು ಎಂಬ ಗಡುವಿನಂತೆ ಹೆಚ್ಚುಕಡಿಮೆ ನಡೆದೇ ಹೋಯಿತು. ಗಡುವು, ದುಡ್ಡು, ಹೆಸರಿಟ್ಟು ಕರೆಯಬಹುದಾದ ಒಬ್ಬ ಮನುಷ್ಯ, ಮೂರೂ ಒಟ್ಟಿಗೆ ಇದ್ದವು.

ಮೂರೂ ಇಲ್ಲದಿದ್ದರೆ? ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿಯ ಒಪ್ಪಂದ 1995ರಲ್ಲಿ ಜಾರಿಗೆ ಬಂತು. ಅದರ 66ನೇ ವಿಧಿಯ ಎರಡನೇ ಭಾಗ ಹೇಳುತ್ತದೆ: ಶ್ರೀಮಂತ ದೇಶಗಳು ತಮ್ಮ ಕಂಪನಿಗಳಿಗೆ ಪ್ರೋತ್ಸಾಹ ಕೊಟ್ಟು, ತೀರಾ ಹಿಂದುಳಿದ ದೇಶಗಳಿಗೆ ತಂತ್ರಜ್ಞಾನ ದಾಟುವಂತೆ ಮಾಡಬೇಕು. "ಮಾಡಬೇಕು" ಎಂದೇ ಇದೆ. ಅವು ವರದಿಯನ್ನೂ ಸಲ್ಲಿಸುತ್ತವೆ. ವರದಿಗಳನ್ನು ಕೂತು ಓದಿದ ಸಂಶೋಧಕರ ದೂರು ಒಂದೇ. ಪಟ್ಟಿಯಲ್ಲಿ ವಿಚಾರ ಸಂಕಿರಣ, ಕಾರ್ಯಾಗಾರ ತುಂಬಿರುತ್ತವೆ. ಎಷ್ಟೋ ಕಾರ್ಯಕ್ರಮಗಳು ಆ ದೇಶಗಳಿಗಾಗಿ ಮಾಡಿದವೇ ಅಲ್ಲ.

ಪ್ರಶ್ನೆಯನ್ನು ತಿದ್ದುವವರು

ಈಗ ಬಿಳಿ ಪುಡಿಗೆ ವಾಪಸ್ ಬರೋಣ. 1959ರಲ್ಲಿ ಅಮೆರಿಕದ ಸ್ಕೆನೆಕ್ಟಡಿ ಪಟ್ಟಣದಲ್ಲಿ ಕೆಲವು ಎಂಜಿನಿಯರ್‌ಗಳು, ವಿಜ್ಞಾನಿಗಳು ಸೇರಿ ವೀಟಾ ಎಂಬ ಸಂಘ ಮಾಡಿಕೊಂಡರು. ಜಗತ್ತಿನ ಯಾವ ಮೂಲೆಯಿಂದಲಾದರೂ ತಾಂತ್ರಿಕ ಪ್ರಶ್ನೆಯ ಪತ್ರ ಬಂದರೆ, ಅದನ್ನು ಬಲ್ಲ ಸ್ವಯಂಸೇವಕನಿಗೆ ಕಳಿಸಿ ಉತ್ತರ ಬರೆಸುವುದು. 1966ರಲ್ಲಿ ಅರ್ಥಶಾಸ್ತ್ರಜ್ಞ ಶೂಮಾಕರ್ ಮತ್ತು ಗೆಳೆಯರು ಬ್ರಿಟನ್‌ನಲ್ಲಿ ಕಟ್ಟಿದ ಗುಂಪೂ ಇಂಥದ್ದೇ ವಿಚಾರಣಾ ಸೇವೆ ನಡೆಸಿತು. ಈಗ ಅದರ ಹೆಸರು ಪ್ರಾಕ್ಟಿಕಲ್ ಆಕ್ಷನ್.

ಪತ್ರದ ಮೂಲಕ ಉತ್ತರ ಎಂದರೆ ಇವತ್ತು ನಗು ಬರಬಹುದು. ಆದರೆ ಅಲ್ಲೊಂದು ಸೂಕ್ಷ್ಮವಿತ್ತು. ಪ್ರಶ್ನೆ ಬರುವುದು ಕಾರ್ಖಾನೆಯ ಭಾಷೆಯಲ್ಲಿ: "ಚರ್ಮಕ್ಕೆ ಬೂಸ್ಟು ಬರುತ್ತಿದೆ, ಔಷಧ ಯಾವುದು?" ಈ ಪ್ರಶ್ನೆಯೇ ತಪ್ಪು. ಇದನ್ನು ಹಾಗೇ ಹುಡುಕಾಟದ ಪೆಟ್ಟಿಗೆಗೆ ಹಾಕಿದರೆ ಬೂಸ್ಟು ಕೊಲ್ಲುವ ರಾಸಾಯನಿಕಗಳ ಪಟ್ಟಿ ಬರುತ್ತದೆ. ಮಾಲೀಕ ಕೊಂಡು ತಂದು ಹಾಕುತ್ತಾನೆ, ಬಿಳುಪು ಮತ್ತೆ ಬರುತ್ತದೆ. ಬಲ್ಲವನು ಉತ್ತರ ಕೊಡುವ ಮೊದಲು ತಿರುಗಿ ಕೇಳುತ್ತಾನೆ: ಬಿಸಿ ತಾಗಿಸಿ ನೋಡಿದಿರಾ?

ಈ ತಿರುಗಿ ಕೇಳುವ ಮನುಷ್ಯ ಇಲ್ಲದ ಕಡೆ ಮಾಹಿತಿ ಬ್ಯಾಂಕ್‌ಗಳು ಸೊರಗಿದವು. ಕಟ್ಟಲು ದುಡ್ಡು ಸಿಗುತ್ತದೆ, ಉದ್ಘಾಟನೆ ಆಗುತ್ತದೆ, ಮೂರು ವರ್ಷದ ಯೋಜನೆ ಮುಗಿದ ಮೇಲೆ ಯಾರೂ ಹೊಸದನ್ನು ಸೇರಿಸುವುದಿಲ್ಲ. ಕೊಂಡಿ ಒತ್ತಿದರೆ ಪುಟ ತೆರೆಯುವುದಿಲ್ಲ. ಭಾಷೆಯ ತೊಡಕು ಬೇರೆ. ಜಪಾನ್ 1957ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಮಾಹಿತಿ ಕೇಂದ್ರ ತೆರೆದಾಗ ಮಾಡಿದ ದೊಡ್ಡ ಕೆಲಸ ಎಂದರೆ ಹೊರಗಿನ ಲೇಖನಗಳ ಸಾರವನ್ನು ಜಪಾನಿ ಭಾಷೆಯಲ್ಲಿ ಕೊಟ್ಟದ್ದು. ಕೊರಿಯಾ 1962ರಲ್ಲಿ ತನ್ನದೇ ಕೇಂದ್ರ ಮಾಡಿಕೊಂಡಿತು. ಕಾರ್ಖಾನೆಯ ಮೇಸ್ತ್ರಿ ಓದಬಲ್ಲ ಭಾಷೆಯಲ್ಲಿ ಇಲ್ಲದ ಮಾಹಿತಿ ಅವನ ಪಾಲಿಗೆ ಇಲ್ಲದ ಹಾಗೇ.

ಹೊಸ ಸಂಸ್ಥೆಗಳು ಇದನ್ನು ಸ್ವಲ್ಪ ಅರ್ಥ ಮಾಡಿಕೊಂಡಂತಿದೆ. ವೈಪೋ 2009ರಿಂದ ತಂತ್ರಜ್ಞಾನ ಮತ್ತು ನಾವೀನ್ಯ ನೆರವು ಕೇಂದ್ರಗಳನ್ನು ಕಟ್ಟುತ್ತಿದೆ. 80ಕ್ಕೂ ಹೆಚ್ಚು ದೇಶಗಳಲ್ಲಿ ಅವು ಇವೆ, ವಿಶ್ವವಿದ್ಯಾಲಯದಲ್ಲೋ ಪೇಟೆಂಟ್ ಕಚೇರಿಯಲ್ಲೋ. ಪೇಟೆಂಟ್ ಹುಡುಕಲು ಪಕ್ಕದಲ್ಲಿ ಕೂತು ಸಹಾಯ ಮಾಡುವವರು ಅಲ್ಲಿರುತ್ತಾರೆ. ಅದೇ ವರ್ಷ ಶುರುವಾದ ಆರ್ಡಿ ಎಂಬ ಯೋಜನೆ ಬಡ ದೇಶಗಳ ಸಂಸ್ಥೆಗಳಿಗೆ ದುಬಾರಿ ತಾಂತ್ರಿಕ ಪತ್ರಿಕೆಗಳನ್ನು ಉಚಿತವಾಗಿ ಇಲ್ಲವೇ ಅಗ್ಗವಾಗಿ ತೆರೆದುಕೊಡುತ್ತದೆ. ಹವಾಮಾನಕ್ಕೆ ಸಂಬಂಧಿಸಿದ ತಂತ್ರಜ್ಞಾನಕ್ಕೆ ಕೋಪನ್‌ಹೇಗನ್‌ನಲ್ಲಿ ಒಂದು ಕೇಂದ್ರವಿದೆ. ದೇಶವೊಂದು ತನ್ನ ಪ್ರಶ್ನೆ ಬರೆದು ಕಳಿಸಿದರೆ ಅದಕ್ಕೆ ತಜ್ಞರನ್ನು ಹುಡುಕಿ ಕೊಡುತ್ತದೆ. ತೀರಾ ಹಿಂದುಳಿದ ದೇಶಗಳಿಗಾಗಿ ಟರ್ಕಿಯ ಗೆಬ್ಜೆಯಲ್ಲಿ 2018ರಲ್ಲಿ ಒಂದು ತಂತ್ರಜ್ಞಾನ ಬ್ಯಾಂಕ್ ಬಾಗಿಲು ತೆರೆಯಿತು. ಬ್ಯಾಂಕ್ ಎಂಬ ಹೆಸರು ಮತ್ತೆ ಯಾಕೆ ಬೇಕಿತ್ತೋ!

ರಫ್ತು ಮಾಡುವವರು ತಿಳಿದಿರಬೇಕಾದ ಸಣ್ಣ ವಿಷಯ ಒಂದು. ವಿಶ್ವ ವ್ಯಾಪಾರ ಸಂಸ್ಥೆಯ ಪ್ರತಿ ಸದಸ್ಯ ದೇಶವೂ ಒಂದು ವಿಚಾರಣಾ ಕೇಂದ್ರ ಇಡಲೇಬೇಕು. ನಿಮ್ಮ ದೇಶಕ್ಕೆ ಬರುವ ಚರ್ಮದಲ್ಲಿ ಎಷ್ಟು ಕ್ರೋಮಿಯಂ ಇರಬಹುದು, ಯಾವ ಬಣ್ಣ ನಿಷೇಧ ಎಂದು ಕೇಳಿದರೆ ಅದು ಉತ್ತರ ಕೊಡಬೇಕು. 2016ರಿಂದ ಇ-ಪಿಂಗ್ ಎಂಬ ಉಚಿತ ಸೇವೆಯೂ ಇದೆ. ನಿಮ್ಮ ಮಾಲಿಗೆ ಸಂಬಂಧಿಸಿದ ನಿಯಮವನ್ನು ಯಾವುದಾದರೂ ದೇಶ ಬದಲಾಯಿಸಹೊರಟರೆ ಮಿಂಚಂಚೆ ಬರುತ್ತದೆ. ಮಾಲು ಬಂದರಿನಲ್ಲಿ ಕೂತ ಮೇಲೆ ಗೊತ್ತಾಗುವುದಕ್ಕಿಂತ ಇದು ಎಷ್ಟೋ ಅಗ್ಗ.

ಕೇಳುವವರ ಕಡೆಗೂ ಒಂದು ಕೆಲಸವಿದೆ. ಏನು ಮಾಡುತ್ತಿದ್ದೀರಿ, ಯಾವ ಕಚ್ಚಾ ಮಾಲು, ಎಷ್ಟು ಪ್ರಮಾಣ, ನೀರು ಎಂಥದ್ದು, ತೊಂದರೆ ಯಾವಾಗ ಶುರುವಾಯಿತು, ಅದಕ್ಕೂ ಮೊದಲು ಏನನ್ನು ಬದಲಾಯಿಸಿದಿರಿ? ಇಷ್ಟನ್ನು ಬರೆದು ಕಳಿಸಿದರೆ ಅರ್ಧ ಉತ್ತರ ಪ್ರಶ್ನೆಯೊಳಗೇ ಇರುತ್ತದೆ. ಆದರೆ ಹೆಚ್ಚಿನ ಕಾರ್ಖಾನೆಗಳು ಲೆಕ್ಕದ ಪುಸ್ತಕ ಇಟ್ಟಷ್ಟು ಜೋಪಾನವಾಗಿ ಕೆಲಸದ ಪುಸ್ತಕ ಇಡುವುದಿಲ್ಲ. ಯಾವ ದಿನ ಯಾವ ಎಣ್ಣೆ ಹಾಕಿದೆವು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ನಮ್ಮ ಚರ್ಮದ ಮಾಲೀಕನಿಗೆ ಬಲ್ಲವನೊಬ್ಬ ಸಿಕ್ಕ ಎಂದಿಟ್ಟುಕೊಳ್ಳಿ. ಚರ್ಮದ ತುಂಡಿಗೆ ಬಿಸಿ ತಾಗಿಸುತ್ತಾರೆ. ಬಿಳುಪು ಕರಗಿ ಮಾಯವಾಗುತ್ತದೆ. ಸರಿ, ಕೊಬ್ಬು. ಹಾಗಾದರೆ ಎಣ್ಣೆ ಬದಲಾಯಿಸಬೇಕೋ, ಹದಕ್ಕೆ ಮೊದಲು ಕೊಬ್ಬು ತೆಗೆಯುವುದನ್ನು ಸರಿಪಡಿಸಬೇಕೋ? ಬೇರೆ ಎಣ್ಣೆಯಾದರೆ ಯಾರ ಬಳಿ, ಯಾವ ಬೆಲೆಗೆ? ಕೊಬ್ಬು ತೆಗೆದ ನೀರನ್ನು ಎಲ್ಲಿ ಬಿಡುವುದು? ಅವನು ಮತ್ತೊಂದು ಹಾಳೆ ತೆಗೆದು ಬರೆಯಲು ಕೂರುತ್ತಾನೆ.